ಕಿರಿ ಬ್ಯಾಟರಿ

ನಮ್ಮ ಊರಿನಿಂದ ಆಚೆ ಊರಿಗೆ ಎಷ್ಟು ದೂರ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಹೋದವರು ಒಮ್ಮೆ ಎರಡು ಗಂಟೆಯಲ್ಲಿ ತಲುಪಿ ಮಧ್ಯಾಹ್ನದ ಊಟಕ್ಕೆ ವಾಪಸಾಗುತ್ತಾರೆ, ಇನ್ನೊಮ್ಮೆ ಅದೇ ರಸ್ತೆಯಲ್ಲಿ ಐದು ದಿನ ಕಳೆಯುತ್ತಾರೆ. ಮೈಲಿಗಲ್ಲುಗಳ ಮೇಲೆ ಹಿಂದೆ ಸಂಖ್ಯೆಗಳಿದ್ದವಂತೆ. ಅವು ಸುಳ್ಳಾಗಿ ಸುಳ್ಳಾಗಿ ಬೇಸತ್ತ ಯಾರೋ ಹಿರಿಯರು ಸುಣ್ಣ ಬಳಿಸಿ, ಒಂದರ ಮೇಲೆ ‘ಊಟ ಆಯ್ತಾ?’ ಎಂದೂ ಇನ್ನೊಂದರ ಮೇಲೆ ‘ನೀರು ಕುಡೀರಿ’ ಎಂದೂ ಬರೆಸಿಬಿಟ್ಟರು. ಮದುವೆಯ ಕರೆಯೋಲೆಯಲ್ಲಿ ಮುಹೂರ್ತದ ಜಾಗದಲ್ಲಿ ‘ಆಚೆ ಊರಿನ ಬಂಧುಗಳು ಬಂದ ಮೇಲೆ’ ಎಂದು ಅಚ್ಚು ಹಾಕಿಸುತ್ತಾರೆ. ಶಾಲೆಯಲ್ಲಿ ವೇಗ, ದೂರದ ಲೆಕ್ಕ ಮಾಡುವಾಗ ಉತ್ತರದ ಪಕ್ಕ ‘ರಸ್ತೆ ಒಪ್ಪಿದರೆ’ ಎಂದು ಬರೆಯದಿದ್ದರೆ ನಮಗೆ ಅರ್ಧ ಅಂಕ ಹೋಗುತ್ತಿತ್ತು.

ಎಡಗಡೆಯ ದೊಡ್ಡ ಹುಣಸೆಮರ ಮೂರನೇ ಸಲ ಬಂತೆಂದರೆ ರಸ್ತೆ ಉದ್ದವಾಗಿದೆ ಎಂದರ್ಥ. ಆಗ ಗಾಡಿ ನಿಲ್ಲಿಸಿ ಇಂಜಿನ್ ಆರಿಸಬೇಕು. ಇಂಜಿನ್ನಿನ ಸದ್ದು ಕೇಳಿದಷ್ಟೂ ರಸ್ತೆ ಬೆಳೆಯುತ್ತದೆ. ಕೆಳಗಿಳಿದು, ಮನೆಯಿಂದ ತಂದ ಯಾವುದಾದರೊಂದು ಕೆಲಸ ಹಿಡಿದು ಕೂರಬೇಕು. ಅದಕ್ಕೆ ದಾರಿಗೆಲಸ ಎನ್ನುತ್ತಾರೆ. ಕೆಲಸ ಮುಗಿಯುವ ಹೊತ್ತಿಗೆ ರಸ್ತೆಯೂ ಚಿಕ್ಕದಾಗಿರುತ್ತದೆ. ಹಾಗಾಗಿ ನಮ್ಮೂರಿನವರು ಎಲ್ಲ ಕೆಲಸ ಮುಗಿಸಿ ಪ್ರಯಾಣ ಹೊರಡುವುದಿಲ್ಲ, ಒಂದನ್ನು ಬೇಕೆಂದೇ ಉಳಿಸಿಕೊಳ್ಳುತ್ತಾರೆ. ನಮ್ಮಪ್ಪ ಮರುಳಸಿದ್ದಪ್ಪನವರು ಇಪ್ಪತ್ತೆಂಟು ವರ್ಷ ಲಾರಿ ಓಡಿಸಿದ್ದು ಹೀಗೆಯೇ, ಹರಿದ ಟಾರ್ಪಾಲು ಹೊಲಿಯುತ್ತಾ.

ಊರಿಗೆಲ್ಲ ಇದು ಅಭ್ಯಾಸವಾಗಿದೆ. ಅಮ್ಮನಿಗೂ ಆಗಿತ್ತು. ಅವಳ ಇನ್ಸುಲಿನ್‌ಗೆ ಆಗಲಿಲ್ಲ. ಒಂಬತ್ತು ವರ್ಷದ ಹಿಂದೆ, ಕಾಯಿಲೆ ಶುರುವಾದ ಹೊಸತರಲ್ಲಿ, ಅವಳು ಫ್ಲಾಸ್ಕಿಗೆ ಐಸು ತುಂಬಿ ಅದರಲ್ಲಿ ಔಷಧಿ ಇಟ್ಟುಕೊಂಡು ಆಚೆ ಊರಿನ ತನ್ನ ಅಕ್ಕನನ್ನು ನೋಡಲು ಹೊರಟಳು. ಎರಡನೇ ದಿನಕ್ಕೆ ಐಸು ನೀರಾಯಿತು, ಮೂರನೇ ದಿನಕ್ಕೆ ಆ ನೀರು ಬಿಸಿಯಾಯಿತು. ತಿಳಿಯಾಗಿದ್ದ ಔಷಧಿ ಮಜ್ಜಿಗೆ ನೀರಿನಂತೆ ಕದಡಿತ್ತು. ಗಾಬರಿಯಲ್ಲಿ ಅಪ್ಪ ಲಾರಿ ತಿರುಗಿಸಿ ಓಡಿಸಿದರು, ಓಡಿಸಿದಷ್ಟೂ ರಸ್ತೆ ಬೆಳೆಯಿತು. ಐದನೇ ದಿನ ಅವರು ಅಮ್ಮನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಮ್ಮೂರಿನ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದನ್ನು ನಾನು ನೋಡಿದೆ. ನನಗಾಗ ಹದಿಮೂರು. ಡೈರಿ ಬರೆಯಲು ಶುರುಮಾಡಿದ್ದು ಅವತ್ತೇ. ಅಮ್ಮ ಉಳಿದಳು, ಆದರೆ ಮತ್ತೆಂದೂ ಊರಿನ ಗಡಿ ದಾಟಲಿಲ್ಲ.

ದೊಡ್ಡಮ್ಮನೇ ಬರಬಹುದಿತ್ತು. ಆದರೆ ಜಾರಿ ಬಿದ್ದು ಸೊಂಟಕ್ಕೆ ರಾಡು ಹಾಕಿಸಿಕೊಂಡಿದ್ದಳು, ಲಾರಿಯ ಕುಲುಕಾಟ ಅವಳಿಗೆ ಆಗದು. ಅಕ್ಕತಂಗಿಯರಿಬ್ಬರೂ ದಿನಾ ಸಂಜೆ ಮನೆಯ ಫೋನಿನಲ್ಲಿ ಮಾತಾಡುತ್ತಿದ್ದರು. ಕಳೆದ ಬೇಸಿಗೆಯ ಆರಂಭದಲ್ಲಿ ಒಂದು ಸಂಜೆ ದೊಡ್ಡಮ್ಮನ ದನಿ ಫೋನಿನಿಂದ ಹೊರಗೂ ಕೇಳಿಸುತ್ತಿತ್ತು. “ಮಂಗಳಾ, ಕಣ್ಣಿನ ನರ ಒಣಗ್ತಾ ಇದೆಯಂತೆ ಕಣೇ. ಈ ಮಳೆಗಾಲ ಕಳೆಯೋ ಹೊತ್ತಿಗೆ ಬರೀ ಬೆಳಕು ಕತ್ತಲೆ ಅಷ್ಟೇ ಗೊತ್ತಾಗುತ್ತೆ ಅಂದ್ರು ಡಾಕ್ಟ್ರು. ಅಲ್ವೇ, ನೀನು ಈಗ ದಪ್ಪ ಆಗಿದ್ದೀಯೋ ಸಣ್ಣ ಆಗಿದ್ದೀಯೋ?” ಅಮ್ಮ, “ದಪ್ಪ ಆಗಿದ್ದೀನಿ ಅಕ್ಕ, ಚೆನ್ನಾಗಿದ್ದೀನಿ,” ಎಂದಳು. “ಸುಳ್ಳು ಹೇಳ್ಬೇಡ, ನಾನು ನೋಡೋಕೆ ಬರಲ್ಲ ಅಂತ,” ಎಂದಳು ದೊಡ್ಡಮ್ಮ. ಇಬ್ಬರೂ ನಕ್ಕರು. ಫೋನಿಟ್ಟ ಮೇಲೆ ಅಮ್ಮ ಒಲೆ ಹಚ್ಚುವುದನ್ನು ಮರೆತು ಅಕ್ಕಿ ಪಾತ್ರೆಯ ಮುಂದೆ ತುಂಬಾ ಹೊತ್ತು ನಿಂತಿದ್ದಳು.

ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲೇ ಇದ್ದೆ. ಒಂದು ಕೆಲಸದ ಸಂದರ್ಶನಕ್ಕೆ ಹೋಗಿದ್ದೆ. ಅಲ್ಲಿ ಮೂವರು ಕೂತು ಏಳು ಪ್ರಶ್ನೆ ಕೇಳಿದರು. ಏಳಕ್ಕೂ ಉತ್ತರ ಗೊತ್ತಿತ್ತು, ಒಂದನ್ನೂ ಹೇಳಲಿಲ್ಲ. ಮನೆಗೆ ಬಂದು ಏಳನ್ನೂ ಡೈರಿಯಲ್ಲಿ ಬರೆದೆ. ಬಾಯಿಗೆ ಬಾರದ್ದು ಕೈಗೆ ಬರುತ್ತದೆ ನನಗೆ. ಮನೆಯಲ್ಲೂ ಹಾಗೆಯೇ, ದೊಡ್ಡ ಮಾತುಗಳನ್ನೆಲ್ಲ ಚೀಟಿಯಲ್ಲಿ ಬರೆದಿಡುತ್ತಿದ್ದೆ. ಆ ಫೋನಿನ ಮರುದಿನ ಅಪ್ಪನ ಬುತ್ತಿಯ ಮುಚ್ಚಳದೊಳಗೆ ಒಂದು ಚೀಟಿ ಇಟ್ಟೆ. ‘ಲಾರಿಯಲ್ಲಿ ಸಣ್ಣ ಫ್ರಿಜ್ ಇಡಬಹುದು. ಎರಡನೇ ಬ್ಯಾಟರಿ ಬೇಕು. ನಿಂತಾಗ ಬಿಸಿಲಿನಿಂದ ಚಾರ್ಜ್ ಮಾಡಬಹುದು. ಅಮ್ಮ ಹೋಗಬಹುದು.’ ಸಂಜೆ ಅಪ್ಪ ತಂದ ಖಾಲಿ ಬುತ್ತಿಯಲ್ಲಿ ಚೀಟಿ ಇರಲಿಲ್ಲ. ಬೆಳಿಗ್ಗೆ ಲಾರಿಯ ಬಾಗಿಲು ತೆರೆದು, “ಹತ್ತು, ಬಿಂದವ್ವಾ. ಸಾಬ್ರ ಹತ್ರ ಹೋಗೋಣ,” ಎಂದರು.

ಖಾಸಿಂ ಸಾಬರು ನಲವತ್ತು ವರ್ಷದಿಂದ ಬಸ್‌ಸ್ಟ್ಯಾಂಡಿನ ಹಿಂದೆ ಬ್ಯಾಟರಿ ಅಂಗಡಿ ಇಟ್ಟವರು. ಅವರ ಅಂಗಿಗಳಿಗೆಲ್ಲ ಆ್ಯಸಿಡ್ ಸಿಡಿದು ಆದ ಸಣ್ಣ ಸಣ್ಣ ತೂತುಗಳು. ಅಪ್ಪ ವಿಷಯ ಹೇಳುತ್ತಿದ್ದಂತೆ ಅವರು ತಲೆ ಅಲ್ಲಾಡಿಸಿದರು. “ಸಿದ್ದಪ್ಪಣ್ಣಾ, ಫ್ರಿಜ್ ಇಡು, ಯಾರು ಬೇಡ ಅಂದ್ರು? ಒಂದೇ ದಿನಕ್ಕೆ ಬ್ಯಾಟ್ರಿ ಕುಡಿದು ಹಾಕುತ್ತೆ. ಆಮೇಲೆ ಗಾಡಿ ಸ್ಟಾರ್ಟ್ ಆಗಲ್ಲ. ರಸ್ತೆ ಬಾ ಅಂತ ಕರೆದ್ರೂ ನೀನು ಅಲ್ಲೇ ಕೂತಿರ್ತೀಯ, ತಳ್ಳೋರಿಲ್ದೆ.” ಅಪ್ಪ, “ನನ್ನ ಕೇಳ್ಬೇಡಿ, ಇವಳನ್ನ ಕೇಳಿ,” ಎಂದರು. ನಾನು ಚಿತ್ರ ಬರೆದಿದ್ದ ಹಾಳೆಯನ್ನು ಅವರ ಕೈಗಿಟ್ಟೆ. ಸಾಬರು ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದರು. “ಯಾರಮ್ಮಾ ಬರೆದಿದ್ದು?” ನಾನು ನನ್ನನ್ನೇ ತೋರಿಸಿಕೊಂಡೆ. “ಬಾಯಿ ಇಲ್ವಾ?” “ಇದೆ,” ಎಂದೆ. “ಮಾಷಾ ಅಲ್ಲಾ, ಇದೆಯಂತೆ!” ಎಂದು ನಕ್ಕು ಹಾಳೆಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿದರು. ಅದೇ ಅವರ ಒಪ್ಪಿಗೆ.

ಕೆಲಸ ಹನ್ನೊಂದು ದಿನ ಹಿಡಿಯಿತು. ಲಾರಿಯಲ್ಲಿ ಮೊದಲೇ ಇದ್ದ ಬ್ಯಾಟರಿಗೆ ಸಾಬರು ಹಿರೀದು ಎಂದು ಹೆಸರಿಟ್ಟರು, ಹೊಸದಕ್ಕೆ ಕಿರೀದು. ಹಿರೀದು ಗಾಡಿ ಎಬ್ಬಿಸುವುದಕ್ಕೆ, ಕಿರೀದು ಫ್ರಿಜ್ಜು ದೀಪ ನೋಡಿಕೊಳ್ಳುವುದಕ್ಕೆ. ಎರಡರ ನಡುವೆ ಒಂದು ರಿಲೇ. ಇಂಜಿನ್ ಓಡುವಾಗ ಅದು ಎರಡನ್ನೂ ಸೇರಿಸಿ ತುಂಬಿಸುತ್ತದೆ, ಆರಿಸಿದ ಕೂಡಲೇ ಟಕ್ಕೆಂದು ಬಿಡಿಸುತ್ತದೆ. “ಅಂದ್ರೆ ಕಿರೀದು ಎಷ್ಟೇ ಹಸ್ಕೊಂಡ್ರೂ ಹಿರೀದ್ರ ತಟ್ಟೆಗೆ ಕೈ ಹಾಕಂಗಿಲ್ಲ. ಒಳ್ಳೇ ಮನೆ ಕಣಮ್ಮ ನಿಂದು,” ಎಂದರು ಸಾಬರು.

ನಮಗಿಬ್ಬರಿಗೂ ಜಗಳವಾದದ್ದು ಒಂದೇ ವಿಷಯಕ್ಕೆ. ನಾನು ಬೆರಳು ದಪ್ಪದ ವೈರು ಬೇಕೆಂದು ಬರೆದಿದ್ದೆ. ಸಾಬರು, “ಇಷ್ಟು ಸಣ್ಣ ಪೆಟ್ಟಿಗೆಗೆ ಹಗ್ಗ ಯಾಕೆ? ಎತ್ತು ಕಟ್ಟಬೇಕಾ?” ಎಂದು ತೆಳು ವೈರು ಎಳೆದರು. ನಾನು ಮೀಟರ್ ತಂದೆ. ಫ್ರಿಜ್ ಓಡುತ್ತಿರುವಾಗ ಬ್ಯಾಟರಿಯ ಕಡೆ ಹಿಡಿದು ತೋರಿಸಿದೆ, ಹನ್ನೆರಡು ಪಾಯಿಂಟ್ ಆರು ವೋಲ್ಟ್. ಫ್ರಿಜ್ಜಿನ ಕಡೆ ಹಿಡಿದು ತೋರಿಸಿದೆ, ಹನ್ನೊಂದು ಪಾಯಿಂಟ್ ಒಂಬತ್ತು. ದಾರಿಯಲ್ಲೇ ಅಷ್ಟು ಸೋರಿಹೋಗಿತ್ತು. ಸಾಬರು ಎರಡು ಸಲ ತಾವೇ ಹಿಡಿದು ನೋಡಿದರು. ಆಮೇಲೆ ತೆಳು ವೈರನ್ನು ಸುತ್ತಿ ಮೂಲೆಗೆಸೆದು, “ನಿನಗಿಂತ ನಿನ್ನ ಮೀಟ್ರು ಜಾಸ್ತಿ ಮಾತಾಡುತ್ತೆ,” ಎಂದು ದಪ್ಪದ್ದು ತಂದರು. ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಹಾಕಬೇಕೆಂಬುದಕ್ಕೆ ಮಾತ್ರ ಅವರು ತಕರಾರು ಮಾಡಲಿಲ್ಲ. ಮೊಣಕೈ ಮೇಲಿನ ಹಳೆಯ ಸುಟ್ಟ ಗಾಯವನ್ನು ತೋರಿಸಿದರು, ಅಷ್ಟೇ.

ಕೊನೆಗೆ ಲಾರಿಯ ಗೂಡಿನ ತಾರಸಿಯ ಮೇಲೆ ಎರಡು ಸೋಲಾರ್ ಫಲಕ ಕೂರಿಸಿದೆವು. ಕೆಳಗೆ ಗಾಳಿಯಾಡಲು ನಾಲ್ಕು ಬೆರಳು ಜಾಗ ಬಿಡಬೇಕು, ಕಾದರೆ ಫಲಕ ಸೋಮಾರಿಯಾಗುತ್ತದೆ. ಅಮ್ಮ ಚಹಾ ತಂದವಳು ಏಣಿ ಹತ್ತಿ ಬಂದು, ಕಪ್ಪು ಗಾಜಿನ ಮೇಲೆ ಅಂಗೈ ಇಟ್ಟು ಸವರಿದಳು. “ಎಷ್ಟು ನುಣುಪಾಗಿದೆಯಲ್ಲೇ! ಧೂಳಿಲ್ಲ, ಏನಿಲ್ಲ. ಎಷ್ಟು ಬೆಚ್ಚಗಿದೆ!” ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾನು ಚೀಟಿ ಅಂಟಿಸುವುದರಲ್ಲಿ ಮುಳುಗಿದ್ದೆ. ಫ್ಯೂಸಿನ ಬಳಿ ಒಂದು, ರಿಲೇ ಬಳಿ ಒಂದು, ಏಣಿಯ ಬಳಿ ಒಂದು. ಏಣಿಯ ಚೀಟಿಯಲ್ಲಿ ಹೀಗೆ ಬರೆದಿದ್ದೆ: ‘ಫಲಕದ ಮೇಲೆ ನೆರಳು ಬೀಳಬಾರದು.’

ಹೊರಟ ಬೆಳಿಗ್ಗೆ ಅಮ್ಮ ನಾಲ್ಕು ಸೀಸೆ ಇನ್ಸುಲಿನ್ ಅನ್ನು ತಾನೇ ಫ್ರಿಜ್ಜಿನೊಳಗಿಟ್ಟು ಮುಚ್ಚಳ ಹಾಕಿ, ಮತ್ತೆ ತೆರೆದು, ಮತ್ತೆ ಹಾಕಿದಳು. ಫ್ರಿಜ್ಜಿನ ಮುಖದ ಮೇಲೆ ನಾಲ್ಕು ಡಿಗ್ರಿ ಎಂದು ತೋರಿಸುತ್ತಿತ್ತು. ಅವಳ ದಾರಿಗೆಲಸ ಅಕ್ಕಿಹಿಟ್ಟು, ಜೀರಿಗೆ, ಹಸಿಮೆಣಸಿನಕಾಯಿ. “ಅಕ್ಕನಿಗೆ ನಾನು ಮಾಡೋ ಸಂಡಿಗೆ ಅಂದ್ರೆ ಪ್ರಾಣ. ರಸ್ತೆ ಬೇಗ ಬಿಟ್ರೆ ಅಲ್ಲೇ ಹೋಗಿ ಮಾಡ್ತೀನಿ,” ಎಂದಳು. ರಸ್ತೆ ಬಿಡಲಿಲ್ಲ. ಹತ್ತು ಗಂಟೆಗೆ ಹುಣಸೆಮರ ಮೂರನೇ ಸಲ ಬಂತು. ಅಪ್ಪ ಇಂಜಿನ್ ಆರಿಸಿದರು. ರಿಲೇ ಟಕ್ಕೆಂದಿತು. ಅಪ್ಪ ಲಾರಿಯನ್ನು ಬಿಸಿಲಲ್ಲೇ ಬಿಟ್ಟು, ಮರದ ಕೆಳಗೆ ಟಾರ್ಪಾಲು ಹರಡಿ ಸೂಜಿಗೆ ದಾರ ಪೋಣಿಸಿದರು, ಅಮ್ಮ ಸ್ಟವ್ ಹಚ್ಚಿ ಸಂಡಿಗೆಯ ಹಿಟ್ಟು ಕುದಿಸಲು ಕೂತಳು. ಎಷ್ಟೋ ವರ್ಷದ ಮೇಲೆ ಅವಳು ಹಾಡು ಗುನುಗುತ್ತಿದ್ದಳು.

ನನ್ನ ದಾರಿಗೆಲಸ ವೋಲ್ಟ್ ಬರೆಯುವುದು. ಮೊದಲ ದಿನ ಸಂಜೆ ಹನ್ನೆರಡು ಪಾಯಿಂಟ್ ಐದು. ಎರಡನೇ ದಿನ ಬೆಳಿಗ್ಗೆ ಹನ್ನೆರಡು ಪಾಯಿಂಟ್ ಎರಡು. ಬಿಸಿಲು ಏರಿದ ಮೇಲೆ ಅದು ಹದಿಮೂರು ದಾಟಬೇಕಿತ್ತು, ಏರಲೇ ಇಲ್ಲ. ತಪ್ಪು ನನ್ನದೇ ಇರಬೇಕು ಎಂದುಕೊಳ್ಳುವುದು ನನ್ನ ಹಳೆಯ ಅಭ್ಯಾಸ. ಲಾರಿಯ ಕೆಳಗೆ ಮಲಗಿ ಒಂದೊಂದೇ ಜೋಡಣೆ ಬಿಚ್ಚಿ ಕಟ್ಟಿದೆ. ಫ್ಯೂಸು ಸರಿಯಿತ್ತು. ವೈರು ಸರಿಯಿತ್ತು. ಮೂರನೇ ದಿನ ಬೆಳಿಗ್ಗೆ ಹನ್ನೊಂದು ಪಾಯಿಂಟ್ ಎಂಟು. ಹನ್ನೊಂದು ಗಂಟೆಗೆ ಫ್ರಿಜ್ಜಿನ ಗುಂಯ್ ಸದ್ದು ನಿಂತುಹೋಯಿತು. ಮುಖದ ಮೇಲಿನ ಸಂಖ್ಯೆ ಏಳಾಯಿತು, ಒಂಬತ್ತಾಯಿತು. ಹೊರಗೆ ಕಲ್ಲು ಸುಡುವ ಬಿಸಿಲು. ಡೈರಿಯಲ್ಲಿ ‘ಅಮ್ಮನಿಗೆ ಹೇಳಬೇಕು’ ಎಂದು ಬರೆದೆ. ಅದರ ಕೆಳಗೆ ‘ಹೇಗೆ?’ ಎಂದು ಬರೆದೆ. ಆಸ್ಪತ್ರೆಯ ಮೆಟ್ಟಿಲು, ಅಪ್ಪನ ತೋಳಿನಿಂದ ಜೋಲುತ್ತಿದ್ದ ಅಮ್ಮನ ಕೈ, ಅದರಲ್ಲಿ ಒಂದೇ ಒಂದು ಬಳೆ, ಎಲ್ಲ ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ತಾರಸಿಯ ಮೇಲಿನಿಂದ ಒಂದು ಕಾಗೆ ಹಾರಿತು. ಅದರ ಕೊಕ್ಕಿನಲ್ಲಿ ಬೆಳ್ಳಗಿನ ದುಂಡನೆಯ ಏನೋ ಇತ್ತು.

ಏಣಿ ಹತ್ತಿ ನೋಡಿದೆ. ಎರಡು ಫಲಕಗಳ ತುಂಬ ಅಂಗೈಯಗಲದ ಅಕ್ಕಿ ಸಂಡಿಗೆಗಳು, ಸಾಲಿನಲ್ಲಿ, ಒಂದಕ್ಕೊಂದು ತಾಗದಂತೆ, ಅಳತೆಯಿಟ್ಟು ಹೊಯ್ದ ಹಾಗೆ. ಕಪ್ಪು ಗಾಜು ಕಾಣುತ್ತಲೇ ಇರಲಿಲ್ಲ. ಅಷ್ಟು ಚೆಂದದ ಸಂಡಿಗೆಯನ್ನು ನಾನು ನೋಡಿಯೇ ಇಲ್ಲ. ಆಮೇಲೆ ನನ್ನೊಳಗಿನಿಂದ ಯಾರದೋ ದನಿ ಹೊರಟಿತು. “ಅಮ್ಮಾ! ಸಂಡಿಗೆ ತೆಗಿ! ಈಗ್ಲೇ ತೆಗಿ!”

ಅಪ್ಪ ಬೆಚ್ಚಿ ಸೂಜಿಯಿಂದ ಬೆರಳು ಚುಚ್ಚಿಕೊಂಡರು. ಅಮ್ಮ ಸೌಟು ಹಿಡಿದೇ ಓಡಿ ಬಂದಳು. “ಯಾಕೆ ಹಂಗೆ ಕಿರುಚ್ತೀಯೇ? ಕಾಗೆ ಬಂತಾ?” “ಇದರ ಮೇಲೆ ಯಾಕೆ ಹಾಕ್ದೆ?” “ನೀನೇ ಬರೆದಿದ್ದೀಯಲ್ಲೇ, ನೆರಳು ಬೀಳಬಾರದು ಅಂತ! ಅದಕ್ಕೇ ನೋಡ್ಕೊಂಡು ಹಾಕಿದ್ದೀನಿ. ದಿನವಿಡೀ ನೆರಳಿಲ್ಲದ ಜಾಗ ಇನ್ನೆಲ್ಲಿ ಸಿಗುತ್ತೆ? ನಾವು ಹತ್ತುವಾಗ್ಲೂ ಬಗ್ಗಿಕೊಂಡು ಹತ್ತಿದ್ದೀವಿ, ನಮ್ಮ ನೆರಳೂ ಬೀಳದ ಹಾಗೆ. ಅಲ್ವೇನ್ರೀ?” ಅಪ್ಪ ಹೌದೆಂದು ತಲೆಯಾಡಿಸಿದರು. ಹಿಂದಿನ ದಿನ ನಸುಕಿನಲ್ಲಿ, ನಾನು ಏಳುವ ಮೊದಲೇ, ಅವರೇ ಏಣಿ ಹಿಡಿದಿದ್ದರಂತೆ.

“ಸಂಡಿಗೇನೇ ನೆರಳಮ್ಮಾ. ಗಾಜಿಗೆ ಬಿಸಿಲು ಬಿದ್ರೆ ತಾನೇ ಬ್ಯಾಟರಿ ತುಂಬೋದು? ಫ್ರಿಜ್ ನಿಂತುಹೋಗಿದೆ. ಹನ್ನೊಂದು ಡಿಗ್ರಿ.” ಅಮ್ಮ ಸೌಟನ್ನು ಕೆಳಗಿಟ್ಟಳು. “ಯಾವಾಗಿಂದ ಕಮ್ಮಿ ಆಗ್ತಿತ್ತು?” “ನಿನ್ನೆಯಿಂದ.” “ನಿನಗೆ ಗೊತ್ತಿತ್ತಾ?” “ಹೂಂ.” “ಮತ್ತೆ ಹೇಳ್ಬಾರ್ದಾ?” “ಬರೆದಿದ್ದೆ,” ಎಂದು ಡೈರಿ ತೋರಿಸಿದೆ. ಅಮ್ಮ ನನ್ನನ್ನೇ ನೋಡಿದಳು, ಬೈಯಲಿಲ್ಲ. “ಅದನ್ನ ಓದಲ್ಲ ಅಂತ ನಿನಗೆ ಮಾತು ಕೊಟ್ಟಿದ್ದೀನಲ್ಲೇ, ಮಗಳೇ. ಒಂಬತ್ತು ವರ್ಷದಲ್ಲಿ ಒಂದ್ಸಲಾನೂ ತೆರೆದಿಲ್ಲ.”

ಅಪ್ಪ ಆಗಲೇ ಕ್ಯಾಬಿನ್ನಿನ ಬಾಗಿಲು ತೆರೆದಿದ್ದರು. “ಇಂಜಿನ್ ಹಾಕ್ತೀನಿ. ಬ್ಯಾಟ್ರಿ ತುಂಬಲಿ. ರಸ್ತೆ ಏನು ಬೇಕಾದ್ರೂ ಮಾಡ್ಕೊಳ್ಳಲಿ.” ಅವರು ಹತ್ತಿ ಕೀಲಿ ಹಾಕಿದರು. ಅಮ್ಮ, “ಬೇಡ. ಆವತ್ತೂ ಹಿಂಗೇ ಹಾಕಿದ್ರಿ,” ಎಂದಳು. ಅಪ್ಪ ಕೀಲಿ ತಿರುಗಿಸಲೂ ಇಲ್ಲ, ಬಿಡಲೂ ಇಲ್ಲ. ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಬರೆಯಲು ಹಾಳೆ ಹುಡುಕಲಿಲ್ಲ. “ಈಗ ಹನ್ನೆರಡು ಗಂಟೆ. ಇನ್ನೂ ನಾಲ್ಕು ಗಂಟೆ ಒಳ್ಳೇ ಬಿಸಿಲಿದೆ. ಗಾಜು ತೊಳೆದ್ರೆ ಸಾಕು,” ಎಂದೆ. “ಸಾಕಾ?” ಎಂದಳು ಅಮ್ಮ. “ಸಾಕು.” ಹೇಳಿ ಏಣಿಯ ಮೆಟ್ಟಿಲಿನ ಮೇಲೆ ಕೂತೆ. ಅಪ್ಪ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು.

ಗಾಜಿಗೆ ಅಂಟಿದ ಅಡಿಭಾಗ ಹಸಿಯಾಗೇ ಉಳಿದು ಸಂಡಿಗೆಗಳು ಅರೆಬರೆ ಒಣಗಿದ್ದವು. ಅಮ್ಮ ದೋಸೆ ಮಗುಚುವ ಕೈಯಿಂದ ಎಬ್ಬಿಸುತ್ತಾ, “ಹಾಳಾಗ್ಲಿ, ಎಸೆದುಬಿಡ್ತೀನಿ,” ಎಂದಳು. ಅಪ್ಪ, “ಎಸೆದ್ರೆ ಕೆಲಸ ಮುಗಿದಂಗಲ್ಲ. ಮುಗೀದಿದ್ರೆ ಇದು ನಮ್ಮನ್ನ ಬಿಡಲ್ಲ,” ಎಂದು ರಸ್ತೆಯತ್ತ ಗದ್ದ ತೋರಿಸಿದರು. ಫಲಕಕ್ಕೂ ಬಿಸಿಲು ಬೇಕು, ಸಂಡಿಗೆಗೂ ಬಿಸಿಲು ಬೇಕು. ನೆಲದ ತುಂಬ ಧೂಳು, ಮುಳ್ಳು. ಟಾರ್ಪಾಲಿಗೆ ಡೀಸೆಲ್ ವಾಸನೆ. ಅಮ್ಮ ತನ್ನ ಚೀಲದಿಂದ ಹಸಿರು ನೂಲಿನ ಸೀರೆ ತೆಗೆದಳು. ದೊಡ್ಡಮ್ಮ ಕೊಟ್ಟಿದ್ದ ಸೀರೆ, ಅಲ್ಲಿ ತಲುಪಿದ ಮೇಲೆ ಉಡಬೇಕೆಂದು ತಂದದ್ದು. ಅದನ್ನು ಎರಡು ಮಡಿಕೆ ಮಾಡಿ ಒಂದು ತುದಿಯನ್ನು ಲಾರಿಯ ಏಣಿಗೆ ಕಟ್ಟಿದೆವು. ಉಳಿದ ಮೂರು ತುದಿಗೆ ನಾವು ಮೂವರು.

ಫಲಕವನ್ನು ಕುಡಿಯುವ ನೀರಿನಲ್ಲೇ ತೊಳೆದು ಬಂದು, ಸೀರೆಯ ಮೇಲೆ ಸಂಡಿಗೆ ಹರಡಿ, ತಲೆಗೆ ಬಟ್ಟೆ ಕಟ್ಟಿಕೊಂಡು ಹಿಡಿದು ನಿಂತೆವು. ಸಡಿಲ ಬಿಟ್ಟರೆ ಎಲ್ಲ ನಡುವಿಗೆ ಜಾರುತ್ತವೆ, ಹಾಗಾಗಿ ಯಾರೂ ಕೈ ಬಿಡುವಂತಿಲ್ಲ. ಕೈಯಲ್ಲಿ ಡೈರಿಯಿಲ್ಲ, ಎದುರಿಗೆ ಅಪ್ಪ ಅಮ್ಮ. ಮುಖ ತಪ್ಪಿಸಿ ನೋಡಲು ಬೇರೆ ಏನೂ ಇರಲಿಲ್ಲ. ಸುಮ್ಮನೆ ನಿಂತು ಬೇಸರವಾಗಿ ಅಪ್ಪ, “ಆವತ್ತು ಇಂಟರ್ವ್ಯೂನಲ್ಲಿ ಏನು ಕೇಳಿದ್ರವ್ವಾ? ನೀನು ಹೇಳಲೇ ಇಲ್ಲ,” ಎಂದರು. ನಾನು ಮೊದಲ ಪ್ರಶ್ನೆ ಹೇಳಿದೆ. ಅಪ್ಪ ಗಂಟಲು ಸರಿಮಾಡಿಕೊಂಡು ಸಾಹೇಬರ ಗತ್ತಿನಲ್ಲಿ ಅದನ್ನೇ ಕೇಳಿದರು. ನಾನು ಉತ್ತರ ಹೇಳಿದೆ. “ಕರೆಕ್ಟ್ ಇದೆಯಾ?” ಎಂದು ಅವರು ಅಮ್ಮನನ್ನು ಕೇಳಿದರು. “ನನಗೇನ್ರೀ ಗೊತ್ತು? ಹುಡುಗಿ ತಡವರಿಸಲಿಲ್ಲ, ಪಾಸು ಮಾಡಿ,” ಎಂದಳು ಅಮ್ಮ. ಹೀಗೆ ಏಳೂ ಆಯಿತು. ಆರನೆಯದಕ್ಕೆ ನಾನೇ ನಗತೊಡಗಿ ಸೀರೆ ಕುಲುಕಿ, ನಾಲ್ಕು ಸಂಡಿಗೆ ನೆಲಕ್ಕೆ ಬಿದ್ದವು.

ಒಂದೂವರೆಗೆ ನನ್ನ ತುದಿಯನ್ನೂ ಅಪ್ಪನ ಕೈಗೆ ಕೊಟ್ಟು ಮೀಟರ್ ನೋಡಿ ಬಂದೆ, ಹದಿಮೂರು ಪಾಯಿಂಟ್ ಒಂದು. ಎರಡಕ್ಕೆ ಫ್ರಿಜ್ ಒಂದು ಸಲ ಕೆಮ್ಮಿ ಗುಂಯ್ ಎಂದಿತು. ಆ ಸದ್ದು ಕೇಳಿದಾಗ ಅಮ್ಮ ಸೀರೆಯ ತುದಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. ಹದಿನಾಲ್ಕಕ್ಕೆ ಹೋಗಿದ್ದ ಡಿಗ್ರಿ ಹತ್ತಾಯಿತು, ಏಳಾಯಿತು. ನಾಲ್ಕು ಗಂಟೆಗೆ ಐದು. ಅಮ್ಮ ಸೀಸೆಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿದಳು. ನಾಲ್ಕೂ ತಿಳಿಯಾಗಿದ್ದವು. ಆಮೇಲೆ ಒಂದು ಸಂಡಿಗೆ ಎತ್ತಿ ಮುರಿದಳು. ಟಕ್ಕೆಂದಿತು. “ಆಯ್ತು,” ಎಂದಳು.

ಹಿರೀದು ಮೂರು ದಿನ ಯಾರಿಗೂ ಏನೂ ಕೊಡದೆ ಸುಮ್ಮನೆ ಕಾದಿತ್ತು. ಕೀಲಿ ತಿರುಗಿಸಿದ ಮೊದಲ ಏಟಿಗೇ ಇಂಜಿನ್ ಎದ್ದಿತು. ಹುಣಸೆಮರ ಹಿಂದೆ ಹೋಯಿತು, ಮತ್ತೆ ಬರಲಿಲ್ಲ. ‘ಊಟ ಆಯ್ತಾ?’ ಕಲ್ಲು ಬಂದಾಗ ಅಮ್ಮ ಕಿಟಕಿಯಿಂದ ತಲೆ ಹೊರಹಾಕಿ, “ಅಕ್ಕನ ಮನೇಲಿ ಆಗುತ್ತೆ,” ಎಂದಳು.

ದೊಡ್ಡಮ್ಮ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಅಮ್ಮ ಹೋಗಿ ಅವಳ ಮೊಣಕಾಲಿನ ಮೇಲೆ ತಲೆಯಿಟ್ಟಳು. ದೊಡ್ಡಮ್ಮ ಅವಳ ಕೂದಲು, ಕಿವಿ, ಭುಜ ಎಲ್ಲ ಸವರಿ, ಗದ್ದ ಹಿಡಿದು ಮುಖವನ್ನು ತನ್ನ ಕಡೆ ಎತ್ತಿಕೊಂಡಳು. ಸಂಜೆಯಾಗಿತ್ತು. ಆಚೆ ಊರಿನಲ್ಲಿ ಕರೆಂಟ್ ಹೋಗಿತ್ತು. “ಕಾಣ್ತಾ ಇಲ್ವಲ್ಲೇ,” ಎಂದಳು ಅವಳು, ಮೆಲ್ಲಗೆ. “ಮಬ್ಬು ಮಬ್ಬು. ಇಷ್ಟು ದೂರ ಬಂದಿದ್ದೀಯ, ಕಾಣ್ತಾ ಇಲ್ವಲ್ಲೇ. ಬೆಳಗಾಗ್ಲಿ ಬಿಡು.” ಅ‍ಮ್ಮ ಅಕ್ಕನ ಎರಡೂ ಕೈ ಹಿಡಿದುಕೊಂಡಳು. “ದೊಡ್ಡಮ್ಮಾ, ಲಾರಿಯೊಳಗೆ ಬಾ. ದೀಪ ಇದೆ,” ಎಂದೆ. ದೊಡ್ಡಮ್ಮ ತಿರುಗಿ, “ಯಾರದು, ಬಿಂದೂನಾ? ಇವಳು ಮಾತಾಡ್ತಾಳಾ?” ಎಂದಳು. “ನಿನ್ನೆವರೆಗೆ ಇಲ್ಲ,” ಎಂದರು ಅಪ್ಪ.

ಅಪ್ಪ ಮತ್ತು ನಾನು ಅವಳನ್ನು ಕುರ್ಚಿ ಸಮೇತ ಎತ್ತಿ ಲಾರಿಯೊಳಗೆ ಇಳಿಸಿದೆವು. ಅಮ್ಮ ಎದುರಿಗೆ ಫ್ರಿಜ್ಜಿನ ಮೇಲೆ ಕೂತಳು. ನಾನು ಕಿರಿ ಬ್ಯಾಟರಿಯ ದೀಪವನ್ನು ಮೊಳೆಯಿಂದ ಬಿಡಿಸಿ ಅಮ್ಮನ ಮುಖದ ಪಕ್ಕ ಹಿಡಿದೆ. ದೊಡ್ಡಮ್ಮ ಮುಂದೆ ಬಾಗಿದಳು, ಇನ್ನೂ ಬಾಗಿದಳು. “ದಪ್ಪ ಆಗಿಲ್ಲ,” ಎಂದಳು. “ಸುಳ್ಳಿ. ಮೂಗುಬೊಟ್ಟು ಬದಲಾಯಿಸಿದ್ದೀಯ. ಇಲ್ಲಿ ಕೂದಲು ಬೆಳ್ಳಗಾಗಿದೆ.” ಅಮ್ಮನ ಕೆನ್ನೆಯ ಮೇಲೆ ಅವಳ ಬೆರಳು ನಿಧಾನಕ್ಕೆ ಚಲಿಸುತ್ತಿತ್ತು, ಕಣ್ಣು ಬೆರಳಿನ ಹಿಂದೆಯೇ ಹೋಗುತ್ತಿತ್ತು. ನಡುವೆ ಒಮ್ಮೆ, “ಮಗಾ, ದೀಪ ಆರಿಸ್ಬೇಕಾ? ಬ್ಯಾಟ್ರಿ ಖರ್ಚಾಗುತ್ತಾ?” ಎಂದಳು. “ಇಲ್ಲ ದೊಡ್ಡಮ್ಮಾ. ಎಷ್ಟು ಹೊತ್ತು ಬೇಕಾದ್ರೂ ನೋಡು,” ಎಂದೆ.

ಡೈರಿಯಲ್ಲಿ ಆ ಸಂಜೆಯ ವೋಲ್ಟ್ ಬರೆಯಬೇಕಾದ ಜಾಗ ಇವತ್ತಿಗೂ ಖಾಲಿಯಿದೆ. ಒಂದು ಕೈ ನೋವಾದರೆ ಇನ್ನೊಂದು ಕೈಗೆ ದೀಪ ಬದಲಾಯಿಸಿಕೊಳ್ಳುತ್ತಿದ್ದೆ. ಪೆನ್ನು ಹಿಡಿಯಲು ಕೈಯೇ ಉಳಿದಿರಲಿಲ್ಲ.